ಇನ್ವರ್ಟರ್ ಕರೆಂಟ್‌ನ ಹಾರ್ಮೋನಿಕ್ ಇಳಿಸಿದ್ದು ಹೀಗೆ

50 ಹರ್ಟ್ಜ್ ಗ್ರಿಡ್‌ಗೆ ಜೋಡಿಸುವ ಮೂರು ಫೇಸ್ ಇನ್ವರ್ಟರ್ (ಡಿಸಿಯನ್ನು ಎಸಿ ಮಾಡುವ ಸಾಧನ). ಕರೆಂಟ್‌ನಲ್ಲಿ 5 ಮತ್ತು 7ನೇ ಹಾರ್ಮೋನಿಕ್, ಅಂದರೆ 50ರ ಐದು, ಏಳು ಪಟ್ಟು ಆವರ್ತನದ (250, 350 ಹರ್ಟ್ಜ್) ಬೇಡದ ಅಲೆಗಳು, ಜಾಸ್ತಿ ಇದ್ದವು. ಕಂಟ್ರೋಲರ್ ಮುಟ್ಟುವ ಮೊದಲು ಅವು ಎಲ್ಲಿಂದ ಬರುತ್ತಿವೆ ಅಂತ ಹುಡುಕಿದೆ. ಗ್ರಿಡ್ ಬಿಡಿಸಿ, ಬರೀ ರೆಸಿಸ್ಟರ್ ಲೋಡ್ ಮೇಲೆ ಓಡಿಸಿದೆ. ಆಗಲೂ ಉಳಿದದ್ದರಲ್ಲಿ ಹೆಚ್ಚಿನ ಪಾಲು ಡೆಡ್ ಟೈಮ್‌ನದು (ಮೇಲಿನ, ಕೆಳಗಿನ ಎರಡೂ ಸ್ವಿಚ್ ಆಫ್ ಇರುವ ಪುಟ್ಟ ಅಂತರ). ಗ್ರಿಡ್ ಬಿಡಿಸಿದಾಗ ಮಾಯವಾದದ್ದು ಗ್ರಿಡ್ ವೋಲ್ಟೇಜೇ ತರುವಂಥದ್ದು.

ಡೆಡ್ ಟೈಮ್ ಸರಿದೂಗಿಸಲು ಕರೆಂಟ್ ಯಾವ ದಿಕ್ಕಿಗೆ ಹರಿಯುತ್ತಿದೆ ಅಂತ ಗೊತ್ತಿರಬೇಕು. ಸೊನ್ನೆಯ ಹತ್ತಿರ ರಿಪಲ್‌ನಿಂದ (ಸ್ವಿಚಿಂಗ್‌ನ ಸಣ್ಣ ಏರಿಳಿತದಿಂದ) ಅಳತೆಯ ಚಿಹ್ನೆ ಆಚೀಚೆ ಹಾರುತ್ತದೆ. ಅದಕ್ಕೇ ರೆಫರೆನ್ಸ್ ಕರೆಂಟ್‌ನ (ಕಂಟ್ರೋಲರ್‌ಗೆ ಗುರಿಯಾಗಿ ಕೊಟ್ಟ ಕರೆಂಟ್‌ನ) ಚಿಹ್ನೆ ಬಳಸಿದೆ.

ಆಮೇಲೆ ರೆಸೊನೆಂಟ್ ಕಂಟ್ರೋಲರ್: ಒಂದು ಆವರ್ತನದಲ್ಲಿ ಮಾತ್ರ ಗೇನ್ ತೀರ ಹೆಚ್ಚಿಸಿ ಅಲ್ಲಿನ ದೋಷ ಅಳಿಸುವಂಥದ್ದು. ಇಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. 5ನೆಯದು ಹಿಮ್ಮುಖವಾಗಿ ಸುತ್ತುತ್ತದೆ, 7ನೆಯದು ಮುಮ್ಮುಖವಾಗಿ. ಗ್ರಿಡ್ ಜೊತೆಗೇ ಸುತ್ತುವ ಡಿಕ್ಯೂ ಫ್ರೇಮ್‌ನಲ್ಲಿ ಕೂತು ನೋಡಿದರೆ ಎರಡೂ 300 ಹರ್ಟ್ಜ್! ಒಂದೇ ರೆಸೊನೇಟರ್ ಎರಡನ್ನೂ ಹಿಡಿಯುತ್ತದೆ. 11 ಮತ್ತು 13ಕ್ಕೆ 600 ಹರ್ಟ್ಜ್‌ನಲ್ಲಿ ಇನ್ನೊಂದು.

ನಿಜವಾದ ಕೆಲಸ ಇದ್ದದ್ದು ಆ 600ರಲ್ಲಿ. ಸ್ಯಾಂಪ್ಲಿಂಗ್ 10 ಕಿಲೋಹರ್ಟ್ಜ್. ಲೆಕ್ಕ ಮಾಡಿ ಪಿಡಬ್ಲ್ಯೂಎಂಗೆ (ಸ್ವಿಚ್‌ಗಳನ್ನು ಆನ್-ಆಫ್ ಮಾಡುವ ಪಲ್ಸ್‌ಗಳಿಗೆ) ತಲುಪಿಸುವಷ್ಟರಲ್ಲಿ ಸುಮಾರು ಒಂದೂವರೆ ಸ್ಯಾಂಪಲ್, ಅಂದರೆ 150 ಮೈಕ್ರೋಸೆಕೆಂಡ್ ತಡ. 600 ಹರ್ಟ್ಜ್‌ನಲ್ಲಿ ಅದು 32 ಡಿಗ್ರಿ ಫೇಸ್ ತಿನ್ನುತ್ತದೆ. ಇಂಡಕ್ಟರ್‌ನ 90 ಡಿಗ್ರಿ ಬೇರೆ ಇದೆ ಅಲ್ವಾ? ಶಿಖರ ದಾಟಿದೊಡನೆ ರೆಸೊನೇಟರ್‌ನದೂ 90ರವರೆಗೆ ಸೇರುತ್ತದೆ. ಒಟ್ಟು 180 ದಾಟಿದರೆ ಲೂಪ್ ತೂಗಾಡತೊಡಗುತ್ತದೆ. ರೆಸೊನೇಟರ್ ಒಳಗೇ ಆ 32 ಡಿಗ್ರಿ ಫೇಸ್ ಮುಂದೆ ತಳ್ಳಿದೆ. ಡಿಜಿಟಲ್‌ಗೆ ಇಳಿಸುವಾಗಲೂ ಎಚ್ಚರ ಬೇಕು. ಸುಮ್ನೆ ಟಸ್ಟಿನ್ ವಿಧಾನ (ಅನಲಾಗ್ ಸೂತ್ರವನ್ನು ಸ್ಯಾಂಪಲ್‌ಗಳ ಸೂತ್ರವಾಗಿಸುವ ಒಂದು ದಾರಿ) ಹಾಕಿದರೆ 600ರ ಶಿಖರ 593ಕ್ಕೆ ಜಾರುತ್ತದೆ. ರೆಸೊನೇಟರ್ ತೀರ ಕಿರಿದು, 7 ಹರ್ಟ್ಜ್ ತಪ್ಪಿದರೂ ಗೇನ್ ಬಹಳ ಬಿದ್ದುಹೋಗುತ್ತದೆ. ಈ ಜಾರುವಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವ ಪ್ರೀವಾರ್ಪಿಂಗ್ ಮಾಡಲೇಬೇಕು.

ಗ್ರಿಡ್ ವೋಲ್ಟೇಜ್‌ನ ಕೋನ ಹಿಡಿದುಕೊಡುವ ಪಿಎಲ್‌ಎಲ್ ಅನ್ನೂ ಮರೆಯಬೇಡಿ. ಅದು ತೀರ ಚುರುಕಾಗಿದ್ದರೆ ವೋಲ್ಟೇಜ್‌ನ ಹಾರ್ಮೋನಿಕ್ ಕೋನದೊಳಗೆ ನುಸುಳುತ್ತದೆ. ರೆಫರೆನ್ಸನ್ನೂ ಅಳತೆಯನ್ನೂ ತಿರುಗಿಸುವುದು ಅದೇ ಕೋನ. ಹಾಗಾಗಿ ರೆಸೊನೇಟರ್‌ಗೆ ಆ ದೋಷ ಕಾಣುವುದೇ ಇಲ್ಲ. ಡೊಂಕು ಸ್ಕೇಲ್ ಇಟ್ಟು ಗೆರೆ ನೇರವಾಗಿದೆಯಾ ಅಂತ ನೋಡಿದ ಹಾಗೆ. ನಾನು ಪಿಎಲ್‌ಎಲ್‌ನ ಬ್ಯಾಂಡ್‌ವಿಡ್ತ್ ಇಳಿಸಿ ಅದನ್ನು ನಿಧಾನ ಮಾಡಿದೆ.

ಅಳತೆಯ ವಿಷಯ ಒಂದು ಮಾತು: ಕಡಿಮೆ ಲೋಡ್‌ನಲ್ಲಿ ಟಿಎಚ್‌ಡಿ (ಆಗ ಹರಿಯುವ ಮೂಲ ಕರೆಂಟ್‌ಗೆ ಹೋಲಿಸಿದ ಒಟ್ಟು ಹಾರ್ಮೋನಿಕ್) ದೊಡ್ಡದಾಗಿ ಕಂಡರೆ ಗಾಬರಿ ಬೇಡ. ಗ್ರಿಡ್‌ಗೆ ಜೋಡಿಸುವ ಇಂಥ ಸಾಧನಗಳ ಮಾನದಂಡವಾದ ಐಇಇಇ 1547ರ 5% ಮಿತಿ ರೇಟೆಡ್ (ಪೂರ್ಣ ಸಾಮರ್ಥ್ಯದ) ಕರೆಂಟ್‌ಗೆ ಹೋಲಿಸಿದ್ದು.

ಕೊನೆಗೆ ದುರ್ಬಲ ಗ್ರಿಡ್‌ನ ಪರೀಕ್ಷೆ. ಗ್ರಿಡ್ ಇಂಡಕ್ಟನ್ಸ್ ಏರಿದಂತೆ ಇನ್ವರ್ಟರ್ ಹೊರಗಿನ ಎಲ್‌ಸಿಎಲ್ (ಇಂಡಕ್ಟರ್-ಕೆಪಾಸಿಟರ್-ಇಂಡಕ್ಟರ್) ಫಿಲ್ಟರ್‌ನ ಅನುರಣನ ಕೆಳಗಿಳಿದು ರೆಸೊನೇಟರ್‌ಗಳ ಕಡೆಗೆ ಸರಿಯುತ್ತದೆ. ಸರಣಿಯಲ್ಲಿ ಇಂಡಕ್ಟರ್ ಸೇರಿಸಿ, ಆ ಸ್ಥಿತಿಯಲ್ಲೂ ಅಲುಗಾಡದ ಗೇನ್‌ಗಳನ್ನೇ ಉಳಿಸಿಕೊಂಡೆ.