ಭಾವಗೀತೆಯನ್ನು ಮತ್ತೆ ಹಾಡಲು ಯಾರ ಅನುಮತಿ ಬೇಕು?

ಹಳೆಯ ಭಾವಗೀತೆಯನ್ನು ನಮ್ಮ ದನಿಯಲ್ಲಿ ಹಾಡಿ ಯೂಟ್ಯೂಬಿಗೆ ಹಾಕಲು ಕ್ಯಾಸೆಟ್ ಕಂಪನಿಯನ್ನು ಕೇಳಿದರೆ ಸಾಕಾ ಎಂದು ಹಾಡುವ ಗೆಳತಿಯರು ಕೇಳುತ್ತಿರುತ್ತಾರೆ. ನಾನು ಆಲ್ಬಮ್ ಮಾಡಿದಾಗ ಮೊದಲು ಹೋದದ್ದು ಕವಿಯ ಮನೆಗೆ.

ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ, ಮೂರರ ಹಕ್ಕೂ ಬೇರೆ ಬೇರೆ. ಹಳೆಯ ಕ್ಯಾಸೆಟ್ಟಿನ ಹೊದಿಕೆಯಲ್ಲಿ ವೃತ್ತದೊಳಗೆ ಪಿ ಅಕ್ಷರ, ಪಕ್ಕದಲ್ಲಿ ಇಸವಿ, ಕಂಪನಿಯ ಹೆಸರು ಇರುತ್ತದಲ್ಲ, ಅದು ಧ್ವನಿಮುದ್ರಣದ ಹಕ್ಕಿನ ಗುರುತು, ಕವಿತೆಯದಲ್ಲ. ಹೊಸದಾಗಿ ವಾದ್ಯ ಕೂಡಿಸಿ ಹಾಡುವವರಿಗೆ ಆ ಮುದ್ರಣ ಬೇಕಿಲ್ಲ. ಬೇಕಾದದ್ದು ಕವಿತೆ ಮತ್ತು ಧಾಟಿ.

ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಆದ್ದರಿಂದ 2041ರ ಕೊನೆಯವರೆಗೆ. ಕುವೆಂಪು ಅವರದು 2054ರವರೆಗೆ. ದಾಸರ ಪದ, ವಚನಗಳಿಗೆ ಈ ಹಕ್ಕಿನ ತಡೆಯಿಲ್ಲ. ಆದರೆ ಈ ಕಾಲದ ಸಂಯೋಜಕರು ಹಾಕಿದ ಧಾಟಿಗೆ ಹಕ್ಕು ಇದ್ದೇ ಇದೆ.

"ಧಾರಾಳವಾಗಿ ಹಾಡಮ್ಮ, ಅಪ್ಪ ಇದ್ದಿದ್ದರೆ ಖುಷಿಪಡ್ತಿದ್ರು" ಎಂದರು ಕವಿಯ ಮಗಳು. ಆ ಪ್ರೀತಿ ದೊಡ್ಡದು, ಆದರೆ ಕಾನೂನು ಅನುಮತಿಯನ್ನು ಬರಹದಲ್ಲೇ ಕೇಳುತ್ತದೆ. ಕುಳಿತು ಪತ್ರ ಬರೆದೆವು. ಅವಧಿ ನಮೂದಿಸದಿದ್ದರೆ ಅನುಮತಿ 5 ವರ್ಷಕ್ಕೆ ಮುಗಿಯುತ್ತದೆ. ಸ್ಥಳ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತ. ಹಾಡು ಅಮೆರಿಕದ ಕನ್ನಡಿಗರ ಫೋನಿನಲ್ಲೂ ಕೇಳಬೇಕು, ಹಾಗಾಗಿ "ಪ್ರಪಂಚದಾದ್ಯಂತ, ಇಂಟರ್ನೆಟ್ ಪ್ರಸಾರವೂ ಸೇರಿ" ಎಂಬ ಸಾಲು ಬೇಕೇ ಬೇಕು. ಹಾಡಿನ ಹೆಸರು, ಗೌರವಧನ, ಯಾರ ಯಾರ ಸಹಿ ಎಂಬುದನ್ನೂ ಬಿಡದೆ ಬರೆದೆವು. ವಾರಸುದಾರರು ಒಬ್ಬರಿಗಿಂತ ಹೆಚ್ಚಿದ್ದರೆ ಎಲ್ಲರ ಸಹಿ ಪಡೆಯಿರಿ.

ಸಂಯೋಜಕರ ಮನೆಯಲ್ಲಿ ಹಳೆಯ ಒಪ್ಪಂದ ಸಿಕ್ಕಿತು. ಧಾಟಿಯನ್ನು ಅವರು ಕಂಪನಿಗೆ ಬರೆದುಕೊಟ್ಟಿದ್ದರು. ಆ ಹಾಡಿಗೆ ಮಾತ್ರ ಕಂಪನಿಯ ಹತ್ತಿರ ಹೋಗಿ ಶುಲ್ಕ ಕಟ್ಟಿದೆ.

ಸಿನಿಮಾ ಹಾಡಿನ ದಾರಿಯೇ ಬೇರೆ. ಅಲ್ಲಿ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರಿಂದ ಆಡಿಯೋ ಕಂಪನಿಗೆ ಹೋಗಿರುತ್ತದೆ. ಆದರೂ ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಗೀತರಚನಕಾರರು, ಸಂಯೋಜಕರು ರಾಯಲ್ಟಿಯ ತಮ್ಮ ಸಮಪಾಲನ್ನು ವಾರಸುದಾರರಿಗೋ ಹಕ್ಕುಸ್ವಾಮ್ಯ ಸಂಘಕ್ಕೋ ಬಿಟ್ಟರೆ ಬೇರೆಯವರಿಗೆ ಬರೆದುಕೊಡುವಂತಿಲ್ಲ. ಅದನ್ನು ವಸೂಲು ಮಾಡಿ ಹಂಚುವುದು ಐಪಿಆರ್‌ಎಸ್ ಎಂಬ ಹಕ್ಕುಸ್ವಾಮ್ಯ ಸಂಘ. ಬರೆಯುವವರ ಬದುಕಿಗೆ ಇದಕ್ಕಿಂತ ದೊಡ್ಡ ಆಸರೆ ಈ ಕಾಯ್ದೆಯಲ್ಲಿ ನನಗೆ ಕಂಡಿಲ್ಲ.

ಹಕ್ಕಿರುವ ಹಾಡುಗಳನ್ನು ತಾನಾಗಿ ಪತ್ತೆಹಚ್ಚುವ ಯೂಟ್ಯೂಬಿನ ವ್ಯವಸ್ಥೆ, ಕಂಟೆಂಟ್ ಐಡಿ, ಧಾಟಿಯನ್ನೂ ಗುರುತಿಸುತ್ತದೆ. ನನ್ನ ಹಾಡಿಗೂ ಕ್ಲೇಮ್, ಅಂದರೆ ಇದರ ಹಕ್ಕು ನಮ್ಮದು ಎಂಬ ತಕರಾರು, ಬಂತು. ಪತ್ರಗಳ ಸ್ಕ್ಯಾನ್ ಪ್ರತಿ ಕಳಿಸಿದೆ, ಕ್ಲೇಮ್ ಹಿಂದೆಗೆದುಕೊಂಡರು.