ಲ್ಯಾಪ್‌ಟಾಪ್ ಮುಂದೆ ಕೂತು ಕ್ಷುದ್ರಗ್ರಹ ಹುಡುಕುವುದು ಹೇಗೆ?

ಟೆಲಿಸ್ಕೋಪ್ ಬೇಡ. ವಿಂಡೋಸ್ ಇರುವ ಲ್ಯಾಪ್‌ಟಾಪ್, ಇಂಟರ್‌ನೆಟ್, ಜೊತೆಗೆ ಒಂದಿಷ್ಟು ತಾಳ್ಮೆ ಇದ್ದರೆ ಸಾಕು, ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಪಟ್ಟಿಯಲ್ಲಿ ಸುತ್ತುವ ಕ್ಷುದ್ರಗ್ರಹಗಳನ್ನು ನೀವೂ ಹುಡುಕಬಹುದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಕ್ಷುದ್ರಗ್ರಹ ಪತ್ತೆ ಹಚ್ಚಿದ ವಿದ್ಯಾರ್ಥಿ’ ಅಂತ ಆಗಾಗ ಸುದ್ದಿ ಬರುತ್ತದಲ್ಲ, ಅದು ಸಾಮಾನ್ಯವಾಗಿ ಚುಕ್ಕೆ ಕಂಡ ಸುದ್ದಿ. ಅದು ಶೋಧ ಅನ್ನಿಸಿಕೊಳ್ಳುವುದಕ್ಕೆ ಇನ್ನೂ ವರ್ಷಗಟ್ಟಲೆ ಕೆಲಸ ಇರುತ್ತದೆ.

ಮೊದಲು ಒಂದು ತಂಡ ಕಟ್ಟಿ. ಇಂಟರ್‌ನ್ಯಾಷನಲ್ ಅಸ್ಟ್ರಾನಾಮಿಕಲ್ ಸರ್ಚ್ ಕೊಲಾಬೊರೇಷನ್ ಅಂತ ಒಂದು ಕಾರ್ಯಕ್ರಮ ಇದೆ, ಅದರಲ್ಲಿ ಹೆಸರು ನೋಂದಾಯಿಸಿ. ದುಡ್ಡು ಕೊಡಬೇಕಾಗಿಲ್ಲ. ಹವಾಯಿಯ ಹಲೆಯಾಕಲಾ ಬೆಟ್ಟದ ಮೇಲೆ ಪ್ಯಾನ್-ಸ್ಟಾರ್ಸ್ ಎಂಬ 1.8 ಮೀಟರ್ ಟೆಲಿಸ್ಕೋಪ್ ಇದೆಯಲ್ಲ, ಅದು ತೆಗೆದ ಚಿತ್ರಗಳನ್ನು ನಿಮಗೆ ಕಳಿಸುತ್ತಾರೆ. ಆಕಾಶದ ಒಂದೇ ತುಂಡಿನ ನಾಲ್ಕು ಚಿತ್ರ, ಒಂದೊಂದರ ನಡುವೆ ಕೆಲವು ನಿಮಿಷಗಳ ಅಂತರ.

ಚಿತ್ರಗಳನ್ನು ಅಸ್ಟ್ರೊಮೆಟ್ರಿಕಾ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಅದು ಚಿತ್ರದಲ್ಲಿರುವ ನಕ್ಷತ್ರಗಳನ್ನು ಕ್ಯಾಟಲಾಗ್ ಜೊತೆ ಹೋಲಿಸಿ, ಯಾವ ಚುಕ್ಕೆ ಆಕಾಶದಲ್ಲಿ ಎಲ್ಲಿದೆ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಆಮೇಲೆ ‘ಬ್ಲಿಂಕ್’ ಒತ್ತಿ. ನಾಲ್ಕೂ ಚಿತ್ರ ಒಂದರ ಮೇಲೊಂದು ಬಂದು ಹೋಗುತ್ತಿರುತ್ತವೆ. ನಕ್ಷತ್ರ ಕದಲುವುದಿಲ್ಲ. ಎಲ್ಲೋ ಒಂದು ಮಸುಕು ಚುಕ್ಕೆ ಮಾತ್ರ ಒಂದೇ ಅಳತೆಯ ಹೆಜ್ಜೆಯಲ್ಲಿ ಸರಿಯುತ್ತಾ ಹೋಗುತ್ತದೆ. ಸೂರ್ಯನಿಗೆ ಸರಿಯಾಗಿ ಎದುರು ದಿಕ್ಕಿನಲ್ಲಿರುವಾಗ ಮುಖ್ಯ ಪಟ್ಟಿಯ ಕಾಯ ನಿಮಿಷಕ್ಕೆ ಸುಮಾರು ಅರ್ಧ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಚಲಿಸುತ್ತದೆ, ಅದೂ ಪಶ್ಚಿಮಕ್ಕೆ, ಯಾಕೆಂದರೆ ಆಗ ಜೋರಾಗಿ ಓಡುವ ಭೂಮಿ ಅದನ್ನು ಓವರ್‌ಟೇಕ್ ಮಾಡುತ್ತಿರುತ್ತದೆ. ಚುಕ್ಕೆ ಸಿಕ್ಕಿತು ಅಂತ ಕುಣಿಯುವ ಮೊದಲು ಈಗಾಗಲೇ ಗೊತ್ತಿರುವ ಕಾಯಗಳ ಪಟ್ಟಿಯನ್ನು ಚಿತ್ರದ ಮೇಲೆ ಹಾಕಿ ನೋಡಿ. ಎಷ್ಟೋ ಸಲ ನಿಮ್ಮ ಚುಕ್ಕೆಯ ಪಕ್ಕದಲ್ಲೇ ಯಾವುದೋ ಹಳೇ ಹೆಸರು ಬಂದು ಕೂರುತ್ತದೆ.

ಹೆಸರು ಬರಲಿಲ್ಲವಾ? ಆಗ ಅನುಮಾನ ಶುರುವಾಗಬೇಕು. ಕ್ಯಾಮೆರಾದ ಕೆಟ್ಟ ಪಿಕ್ಸೆಲ್, ಸುಮ್ನೆ ಬಂದ ಗದ್ದಲ (ಚಿತ್ರದಲ್ಲಿ ತಾನಾಗಿ ಮೂಡುವ ಕಲೆ) ಎಲ್ಲವೂ ಚುಕ್ಕೆಯ ವೇಷ ಹಾಕುತ್ತವೆ. ಚುಕ್ಕೆಯ ಮೇಲೆ ಕ್ಲಿಕ್ ಮಾಡಿದರೆ ಒಂದು ಸಣ್ಣ ಕಿಟಕಿ ತೆರೆದು, ದೇವಸ್ಥಾನದ ಗಂಟೆಯ ಆಕಾರದ ಗೆರೆಯೊಂದು ಕಾಣುತ್ತದೆ. ಬೆಳಕಿನ ಬಿಂದುಗಳು ಆ ಗೆರೆಗೆ ಚೆನ್ನಾಗಿ ಅಂಟಿಕೊಂಡಿದ್ದರೆ ಒಳ್ಳೇದು, ಹಲ್ಲು ಹಲ್ಲಾಗಿ ಚದುರಿದ್ದರೆ ಬಿಟ್ಟುಬಿಡಿ. ಸಂಕೇತ ಮತ್ತು ಗದ್ದಲದ ಅನುಪಾತ, ಅಂದರೆ ಚುಕ್ಕೆಯ ಬೆಳಕು ಗದ್ದಲದ ಎಷ್ಟು ಪಟ್ಟು ಅನ್ನುವುದು, 5ಕ್ಕಿಂತ ಕಡಿಮೆ ಇದ್ದರೂ ನಂಬಬೇಡಿ. ನಾಲ್ಕು ಚಿತ್ರದಲ್ಲೂ ದಾರಿ ನೇರವಾಗಿದೆಯಾ, ಹೊಳಪು ಹೆಚ್ಚುಕಡಿಮೆ ಒಂದೇ ಇದೆಯಾ ನೋಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕಲಿಯಬೇಕಾದದ್ದು ಇದನ್ನೇ. ಚುಕ್ಕೆ ಹುಡುಕುವುದು ಒಂದು ಸಂಜೆಯಲ್ಲಿ ಬರುತ್ತದೆ, ಚುಕ್ಕೆ ಬಿಡುವುದು ಅಷ್ಟು ಬೇಗ ಬರುವುದಿಲ್ಲ.

ಮುಂದಿನದು ವರದಿ. ಹಳೇ ರೂಢಿಯ ವರದಿಯಲ್ಲಿ ಒಂದು ವೀಕ್ಷಣೆಗೆ 80 ಅಕ್ಷರಗಳ ಒಂದು ಸಾಲು. ದಿನಾಂಕ, ಆಕಾಶದಲ್ಲಿನ ಸ್ಥಾನ, ಹೊಳಪು, ವೀಕ್ಷಣಾಲಯದ ಕೋಡ್, ಎಲ್ಲಕ್ಕೂ ಗೊತ್ತಾದ ಜಾಗ ಇದೆ. ಗಂಟೆ, ನಿಮಿಷ ಬರೆಯುವುದಿಲ್ಲ, 17ನೇ ತಾರೀಕು ಸಂಜೆ 6 ಗಂಟೆ ಅಂದರೆ 17.75. ಗಡಿಯಾರ ಮಾತ್ರ ನಮ್ಮದಲ್ಲ, ಗ್ರೀನಿಚ್‌ದು. ಸಾಫ್ಟ್‌ವೇರೇ ಸಾಲು ತಯಾರಿಸಿ ಕೊಡುತ್ತದೆ, ನೀವು ಕೈಯಾಡಿಸದಿದ್ದರೆ ಆಯಿತು.

ವರದಿಗಳೆಲ್ಲ ಕೊನೆಗೆ ಹೋಗಿ ಸೇರುವುದು ಕ್ಷುದ್ರಗ್ರಹಗಳ ಲೆಕ್ಕ ಇಡುವ, ಅಮೆರಿಕದ ಕೇಂಬ್ರಿಡ್ಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್‌ಗೆ. ಒಂದೇ ರಾತ್ರಿ ಕಂಡರೆ ಸಾಮಾನ್ಯವಾಗಿ ಅದಕ್ಕೆ ಬೆಲೆಯಿಲ್ಲ, ಇನ್ನೊಂದು ರಾತ್ರಿಯೂ ಕಾಣಬೇಕು. ಆಗ ತಾತ್ಕಾಲಿಕ ಹೆಸರು ಸಿಗುತ್ತದೆ. ನಮ್ಮ ಹತ್ತಿರದ್ದೇ ಉದಾಹರಣೆ ನೋಡಿ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯ ಇದೆ. 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಅಲ್ಲಿಂದ ಒಂದು ಕ್ಷುದ್ರಗ್ರಹ ಹಿಡಿದರು. ಅದಕ್ಕೆ ಸಿಕ್ಕಿದ್ದು 1988 ಡಿಕ್ಯು1. ಇದರಲ್ಲಿ ‘ಡಿ’ ಅಂದರೆ ವರ್ಷದ ನಾಲ್ಕನೇ ಪಕ್ಷ, ಅಂದರೆ ಫೆಬ್ರವರಿಯ ಎರಡನೇ ಅರ್ಧ. ‘ಐ’ ಬಿಟ್ಟು ಎಣಿಸಿದರೆ ‘ಕ್ಯು’ 16ನೇ ಅಕ್ಷರ. ಕೊನೆಯ 1 ಅಂದರೆ 25 ಅಕ್ಷರಗಳ ಒಂದು ಸುತ್ತು ಆಗಲೇ ಮುಗಿದಿದೆ ಅಂತ. ಹಾಗಾಗಿ ಅದು ಆ ಹದಿನೈದು ದಿನದ ಲೆಕ್ಕದಲ್ಲಿ 41ನೆಯದು!

ಹೆಸರು ಸಿಕ್ಕರೂ ಕಳೆದುಹೋಗಬಹುದು. ಮೊಟ್ಟಮೊದಲ ಕ್ಷುದ್ರಗ್ರಹ ಸೆರೆಸ್‌ಗೇ ಹಾಗಾಯಿತು. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಖಗೋಳ ವಿಜ್ಞಾನಿ ಪಿಯಾಜಿ ಕಂಡ, ಫೆಬ್ರವರಿವರೆಗೆ ನೋಡಿದ, ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಯಿತು. 24 ವರ್ಷದ ಜರ್ಮನ್ ಗಣಿತಜ್ಞ ಗಾಸ್ ಆ ಕೆಲವೇ ವೀಕ್ಷಣೆ ಇಟ್ಟುಕೊಂಡು ಕಕ್ಷೆ ಲೆಕ್ಕ ಹಾಕಿದ, ವರ್ಷದ ಕೊನೆಗೆ ಹೆಚ್ಚುಕಡಿಮೆ ಅವನು ಹೇಳಿದ ಜಾಗದಲ್ಲೇ ಅದು ಮತ್ತೆ ಸಿಕ್ಕಿತು. ಈಗಲೂ ಅಷ್ಟೇ. ಹಲವು ವರ್ಷ ಮತ್ತೆ ಮತ್ತೆ ನೋಡಿ ಕಕ್ಷೆ ಗಟ್ಟಿಯಾದ ಮೇಲೇ ಕಾಯಂ ಸಂಖ್ಯೆ ಕೊಡುತ್ತಾರೆ. ಕಾವಲೂರಿನ ಆ ಕಾಯ 4130 ಆಯಿತು, ರಾಮಾನುಜನ್ ಎಂಬ ಹೆಸರೂ ಬಂತು. ಸಂಖ್ಯೆ ಬಂದ ಮೇಲೆ ಹೆಸರು ಸೂಚಿಸಲು ಶೋಧಕರಿಗೆ 10 ವರ್ಷ ಸಮಯ ಇರುತ್ತದೆ. 16 ಅಕ್ಷರ ಮೀರಬಾರದು, ರಾಜಕಾರಣಿಯ ಹೆಸರಾದರೆ ಅವರು ಸತ್ತು 100 ವರ್ಷ ಆಗಿರಬೇಕು. ದುಡ್ಡು ಕೊಟ್ಟರೆ ಹೆಸರು ಇಡಿಸುತ್ತೇವೆ ಅನ್ನುವವರು ಸಿಕ್ಕರೆ ನಂಬಬೇಡಿ.

ಅಧ್ಯಯನ ಬೇರೆಯೇ ಮಜಾ. ಹೊಳಪು ಗೊತ್ತಾದ ಮಾತ್ರಕ್ಕೆ ಗಾತ್ರ ಗೊತ್ತಾಗುವುದಿಲ್ಲ, ಮೈ ಎಷ್ಟು ಕಪ್ಪು ಅನ್ನುವುದೂ ಬೇಕು. ನಿರಪೇಕ್ಷ ಕಾಂತಿಮಾನ (ಎಲ್ಲ ಕಾಯಗಳನ್ನೂ ಒಂದೇ ದೂರದಲ್ಲಿ ಇಟ್ಟಂತೆ ಲೆಕ್ಕ ಹಾಕಿದ ಹೊಳಪಿನ ಅಳತೆ) 17 ಇರುವ ಕಾಯ ಬಿದ್ದ ಬೆಳಕಿನಲ್ಲಿ ಶೇ 20ರಷ್ಟನ್ನು ಪ್ರತಿಫಲಿಸಿದರೆ ಅದರ ಅಡ್ಡಳತೆ ಸುಮಾರು 1.2 ಕಿ.ಮೀ. ಇದ್ದಿಲಿನಂತೆ ಕಪ್ಪಾಗಿ ಶೇ 5ರಷ್ಟೇ ಪ್ರತಿಫಲಿಸಿದರೆ 2.4 ಕಿ.ಮೀ. ಹೊಳಪು ಗಂಟೆಗಂಟೆಗೂ ಹೇಗೆ ಏರಿಳಿಯುತ್ತದೆ ಎಂದು ಅಳೆದರೆ ಅದು ಎಷ್ಟು ಹೊತ್ತಿಗೊಮ್ಮೆ ತಿರುಗುತ್ತದೆ ಅಂತ ತಿಳಿಯುತ್ತದೆ. ದೊಡ್ಡ ಕ್ಷುದ್ರಗ್ರಹಗಳಲ್ಲಿ ಸುಮಾರು 2.2 ಗಂಟೆಗಿಂತ ವೇಗವಾಗಿ ತಿರುಗುವವು ತೀರಾ ಅಪರೂಪ. ಅವುಗಳಲ್ಲಿ ಬಹಳಷ್ಟು ಕಲ್ಲುಗಳ ಸಡಿಲ ರಾಶಿ, ಇನ್ನೂ ಜೋರಾಗಿ ತಿರುಗಿದರೆ ಚದುರಿಹೋಗುತ್ತವೆ. ಈ ಅಳತೆಗೆ ಮಾತ್ರ ಟೆಲಿಸ್ಕೋಪ್ ಬೇಕು. ಹವ್ಯಾಸಿಗಳ ಹತ್ತಿರ ಇರುವಂಥ 8 ಇಂಚಿನದಕ್ಕೆ ಮಸುಕು ಬೆಳಕನ್ನೂ ಅಳೆಯಬಲ್ಲ ಒಂದು ಸಿಸಿಡಿ ಕ್ಯಾಮೆರಾ ಸಿಕ್ಕಿಸಿದರೂ ಹೊಳಪಿರುವ ಕ್ಷುದ್ರಗ್ರಹಗಳನ್ನು ಅಳೆಯಬಹುದು.