ಹಿಂಡಿನಿಂದ ಹೊರಗೆ ನಿಂತ ಶಬ್ದ

ಮೂರು ವರ್ಷದ ಹಿಂದೆ ನನ್ನ ಮೇಲಧಿಕಾರಿಗೆ ಒಂದು ಮೇಲ್ ಕಳಿಸಿದ್ದೆ. ‘ನಿಮ್ಮ ಇಗ್ರೀಜಿಯಸ್ ಸಪೋರ್ಟ್‌ಗೆ ಥ್ಯಾಂಕ್ಸ್’ ಅಂತ. ನಾನು ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಶಬ್ದಗಳ ಪಟ್ಟಿಯಲ್ಲಿ ಅದರ ಎದುರು ‘ಎದ್ದು ಕಾಣುವ’ ಅಂತ ಒಂದೇ ಅರ್ಥ ಇತ್ತು. ಅವರು ನನ್ನ ಮೇಜಿನ ಹತ್ತಿರ ಬಂದು, ‘ನಾನು ಅಷ್ಟು ಕೆಟ್ಟವನಾ ಮಾರಾಯಾ?’ ಅಂದಾಗಲೇ ಗೊತ್ತಾದದ್ದು. ಕೆಟ್ಟದ್ದು ಎದ್ದು ಕಂಡರೆ ಮಾತ್ರ ಈಗ ಆ ಶಬ್ದ ಬಳಸುತ್ತಾರೆ.

ಆ ರಾತ್ರಿ ಡಿಕ್ಷನರಿಯಲ್ಲಿ ಅದರ ಬೇರು ಹುಡುಕಿದೆ. ಲ್ಯಾಟಿನ್‌ನಲ್ಲಿ ‘ಗ್ರೆಕ್ಸ್’ ಅಂದರೆ ಹಿಂಡು. ಹಿಂಡಿನಿಂದ ಹೊರಗೆ ನಿಂತದ್ದು ಇಗ್ರೀಜಿಯಸ್. ಹಿಂದೆ ಅದು ಹೊಗಳಿಕೆಯೇ ಆಗಿತ್ತು, ಆಮೇಲೆ ಬೈಗುಳದ ಕಡೆ ವಾಲಿತು. ಸದಾ ಜನರ ಜೊತೆ ಬೆರೆಯುವವನು ಗ್ರಿಗೇರಿಯಸ್. ಹಸಿ ಕಸ, ಒಣ ಕಸ ಬೇರೆ ಮಾಡುವ ಸೆಗ್ರಿಗೇಷನ್‌ನಲ್ಲೂ ಅದೇ ಹಿಂಡು. ನಮ್ಮ ಮಂಗಳೂರಿನ ಚರ್ಚುಗಳಲ್ಲಿ ಸೇರುವ ಭಕ್ತರ ಕಾಂಗ್ರಿಗೇಷನ್‌ನಲ್ಲೂ ಅದೇ. ಒಂದು ಬೇರು ಹಿಡಿದರೆ ನಾಲ್ಕು ಶಬ್ದ ಕೈಗೆ ಬಂತು, ಅಲ್ವಾ?

ಪಟ್ಟಿಯನ್ನು ಅಲ್ಲಿಗೇ ಬಿಟ್ಟೆ. ಮದುವೆ ಕಾಗದಗಳ ಖಾಲಿ ಹಿಂಬದಿ ಕತ್ತರಿಸಿ ಕಾರ್ಡ್ ಮಾಡಿಕೊಂಡೆ. ಒಂದು ಕಡೆ ಶಬ್ದ. ಇನ್ನೊಂದು ಕಡೆ ಬೇರು, ಮತ್ತೆ ನನ್ನದೇ ಬದುಕಿನ ಒಂದು ವಾಕ್ಯ. ಪ್ರೊಕ್ರಾಸ್ಟಿನೇಟ್‌ನ ನಡುವೆ ಇರುವ ‘ಕ್ರಾಸ್’ ಅಂದರೆ ಲ್ಯಾಟಿನ್‌ನಲ್ಲಿ ನಾಳೆ. ಮಾಡಿನ ಒಡೆದ ಹೆಂಚು ಬದಲಿಸುವುದನ್ನು ಮೇ ಇಡೀ ನಾಳೆ ನಾಳೆ ಅಂತ ತಳ್ಳಿ, ಜೂನ್‌ನಲ್ಲಿ ಹಾಸಿಗೆ ಪಕ್ಕ ಬಕೆಟ್ ಇಟ್ಟದ್ದನ್ನೇ ಬರೆದೆ. ಆ ಶಬ್ದ ಮತ್ತೆ ಮರೆಯಲಿಲ್ಲ.

ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಮೂರು ಕಟ್ಟು ಮಾಡಿದೆ: ದಿನಾ ನೋಡುವುದು, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಸರಿ ಹೇಳಿದರೆ ಮುಂದಿನ ಕಟ್ಟಿಗೆ, ತಪ್ಪಿದರೆ ವಾಪಸ್ ಮೊದಲಿಗೆ. ಸೆಬಾಸ್ಟಿಯನ್ ಲೈಟ್ನರ್ ಎಂಬವರು 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಕ್ರಮ ಇದು. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಪಡುಬಿದ್ರಿಯವರೆಗೆ ಹಳೆ ಕಾರ್ಡು, ಮೂಲ್ಕಿ ದಾಟಿದ ಮೇಲೆ ಹೊಸದು ಐದು. ಐದಕ್ಕಿಂತ ಜಾಸ್ತಿ ಸುಮ್ನೆ ಹಟ. ಸುರತ್ಕಲ್ ಬಂದ ಮೇಲೆ ನೂಕುನುಗ್ಗಲು, ಕಾರ್ಡು ಜೇಬಿಗೆ.

ಹಾಗಂತ ಬೇರನ್ನೇ ನಂಬಿ ಕೂತರೆ ಇನ್ನೊಂದು ಮೇಲ್ ಕಳಿಸಬೇಕಾದೀತು. ಅಚ್ಚುಕಟ್ಟಿನವರನ್ನು ಮೆಟಿಕ್ಯುಲಸ್ ಅನ್ನುತ್ತೇವೆ. ಅದರ ಬೇರಿನಲ್ಲಿರುವುದು ‘ಮೆಟಸ್’, ಅಂದರೆ ಹೆದರಿಕೆ. ಹಾಗಾಗಿ ಪೇಪರಿನಲ್ಲೋ ಎಲ್ಲೋ ಎರಡು ಮೂರು ಕಡೆ ಬಳಕೆ ನೋಡಿದ ಮೇಲೆಯೇ ನಾನು ಕಾರ್ಡ್ ಬರೆಯುವುದು.

ಮೊನ್ನೆ ಅದೇ ಮೇಲಧಿಕಾರಿ ನನ್ನ ರಿಪೋರ್ಟ್ ನೋಡಿ, ‘ತುಂಬಾ ಮೆಟಿಕ್ಯುಲಸ್ ಉಂಟು’ ಅಂದರು.

‘ಹೆದರಿಕೊಂಡೇ ಬರೆದದ್ದು ಸರ್’ ಅಂದೆ.